ತಪ್ಪು ಸರ್ಕಾರದ್ದಾದರೆ ಅದರ ಭಾರವನ್ನೂ ಸರ್ಕಾರವೇ ಹೊರಬೇಕು

(ರಾಜ್ಯ ಸರ್ಕಾರದ ಸಾರ್ವಜನಿಕ ಸೇವೆಗಳ ಸುಧಾರಣೆ ಕುರಿತು ಗದಗಿನಲ್ಲಿ ನೀಡಿದ ಉಪನ್ಯಾಸದ ಬರಹ ರೂಪ)

ಸಭೆಯಲ್ಲಿರುವ ಹಿರಿಯರಿಗೆ, ಗ್ರಾಮ ಪಂಚಾಯತಿ ಸದಸ್ಯರಿಗೆ, ಬೇರೆ ಬೇರೆ ಇಲಾಖೆಗಳಲ್ಲಿ ದುಡಿಯುತ್ತಿರುವ ಗೆಳೆಯರಿಗೆ ಮತ್ತು ವಿದ್ಯಾರ್ಥಿಗಳಿಗೆ ನಮಸ್ಕಾರ.

ರಾಜ್ಯ ಸರ್ಕಾರದ ಸೇವೆಗಳನ್ನು ಉತ್ತಮಪಡಿಸಲು ಯಾವ ತತ್ವಗಳು ದಾರಿ ತೋರಬೇಕು ಎಂಬುದು ನನಗೆ ಕೊಟ್ಟ ವಿಷಯ. ಇಂಥ ವಿಷಯ ಬಂದಾಗಲೆಲ್ಲ ಪಾರದರ್ಶಕತೆ, ಉತ್ತರದಾಯಿತ್ವ, ದಕ್ಷತೆ, ಸಹಭಾಗಿತ್ವ ಎಂಬ ಪದಗಳನ್ನು ಒಂದರ ಕೆಳಗೊಂದು ಬರೆದು ಮುಗಿಸುವ ರೂಢಿಯಿದೆ. ಆ ಪದಗಳ ಬಗ್ಗೆ ನನಗೆ ತಕರಾರಿಲ್ಲ. ಆದರೆ ಅವನ್ನೆಲ್ಲ ಕಚೇರಿಯ ಗೋಡೆಯ ಮೇಲೆ ಬರೆಸಿದ ಮೇಲೂ ಅದೇ ಗೋಡೆಯ ಪಕ್ಕದಲ್ಲಿ ವಯಸ್ಸಾದ ಹೆಣ್ಣುಮಗಳೊಬ್ಬಳು ಅದೇ ಕೆಲಸಕ್ಕೆ ಮತ್ತೆ ಮತ್ತೆ ಬಂದು ಪಾಳಿ ಹಚ್ಚಿರುವುದನ್ನು ನಾವು ಕಾಣುತ್ತೇವೆ. ಆದ್ದರಿಂದ ನಾನು ಒಂದೇ ಪ್ರಶ್ನೆಯನ್ನು ಹಿಡಿದು ಮಾತಾಡುತ್ತೇನೆ. ಸರ್ಕಾರದ ದಾಖಲೆಯಲ್ಲಿ ಒಂದು ತಪ್ಪು ನುಸುಳಿದಾಗ, ಅದನ್ನು ಸರಿಪಡಿಸಲು ಯಾರು ಅಲೆಯುತ್ತಾರೆ, ಯಾರ ದಿನಗೂಲಿ ಹೋಗುತ್ತದೆ, ಯಾರ ರೊಕ್ಕ ಖರ್ಚಾಗುತ್ತದೆ? ಸೇವೆಯೊಂದು ಸುಧಾರಿಸಿದೆಯೋ ಇಲ್ಲವೋ ಎಂಬುದನ್ನು ಅಳೆಯಲು ನನಗೆ ಇದಕ್ಕಿಂತ ನೆಟ್ಟಗಿನ ಅಳತೆ ಸಿಕ್ಕಿಲ್ಲ.

ಆಗಿರುವ ಒಳ್ಳೆಯ ಕೆಲಸವನ್ನು ಮೊದಲು ಒಪ್ಪಿಕೊಳ್ಳಬೇಕು. 1997ರವರೆಗೆ ಮುಂಡರಗಿಯವರಾಗಲಿ ಹಿರೇಕೆರೂರಿನವರಾಗಲಿ ಜಿಲ್ಲಾಧಿಕಾರಿಯನ್ನು ಕಾಣಬೇಕಾದರೆ ಧಾರವಾಡಕ್ಕೇ ಹೋಗಬೇಕಿತ್ತು. ಆ ವರ್ಷ ಗದಗ ಮತ್ತು ಹಾವೇರಿ ಜಿಲ್ಲೆಗಳಾದವು, ಕಚೇರಿ ಹತ್ತಿರ ಬಂತು. ಜಾತಿ ಮತ್ತು ಆದಾಯ ಪ್ರಮಾಣಪತ್ರಕ್ಕೆ ಈಗ ಹೋಬಳಿ ಮಟ್ಟದಲ್ಲಿ ನಾಡಕಚೇರಿ ಇದೆ. ಹಳ್ಳಿಗಳಲ್ಲಿ ಗ್ರಾಮ ಒನ್, ಹುಬ್ಬಳ್ಳಿ-ಧಾರವಾಡದಂಥ ನಗರಗಳಲ್ಲಿ ಕರ್ನಾಟಕ ಒನ್ ಕೇಂದ್ರಗಳಿವೆ. 2023ರಲ್ಲಿ ಶಕ್ತಿ, ಗೃಹಜ್ಯೋತಿ, ಗೃಹಲಕ್ಷ್ಮಿ ಯೋಜನೆಗಳು ಬಂದ ಮೇಲೆ ಸರ್ಕಾರಕ್ಕೂ ಮನೆಗೂ ನಡುವಿನ ಲೇವಾದೇವಿ ಹಿಂದೆಂದೂ ಇಲ್ಲದಷ್ಟು ಹೆಚ್ಚಿದೆ. ತಿಂಗಳಿಗೆ 2,000 ರೂಪಾಯಿ ಗೃಹಿಣಿಯ ಖಾತೆಗೆ ಬರುವುದೆಂದರೆ ರೋಣ ತಾಲ್ಲೂಕಿನ ಒಂದು ಕೂಲಿ ಕುಟುಂಬಕ್ಕೆ ಸಣ್ಣ ಸಂಗತಿಯಲ್ಲ. ಆದರೆ ಲೇವಾದೇವಿ ಹೆಚ್ಚಿದಷ್ಟೂ ತಪ್ಪುಗಳೂ ಹೆಚ್ಚುತ್ತವೆ. ಕೋಟ್ಯಂತರ ಜನರ ಹೆಸರು, ಜಮೀನು, ಖಾತೆ, ವಯಸ್ಸುಗಳನ್ನು ಹಿಡಿದಿಡುವ ಯಾವ ವ್ಯವಸ್ಥೆಯೂ ತಪ್ಪಿಲ್ಲದೆ ಇರಲಾರದು. ಹಾಗಾಗಿ ತಪ್ಪೇ ಆಗದ ಆಡಳಿತವನ್ನು ನಾನು ಕೇಳುತ್ತಿಲ್ಲ. ತಪ್ಪಾದ ಮೇಲೆ ಏನಾಗುತ್ತದೆ ಎಂಬುದಷ್ಟೇ ನನ್ನ ಚಿಂತೆ.

ನಮ್ಮ ಭಾಗದ ರೈತರಿಗೆಲ್ಲ ಗೊತ್ತಿರುವ ಉತಾರದಿಂದಲೇ, ಅಂದರೆ ಜಮೀನಿನ ಪಹಣಿಯಿಂದಲೇ ಆರಂಭಿಸೋಣ. ಭೂಮಿ ಯೋಜನೆ ಬರುವ ಮುನ್ನ ಉತಾರವೆಂದರೆ ತಲಾಠಿಯ, ಅಂದರೆ ಈಗಿನ ಗ್ರಾಮ ಆಡಳಿತ ಅಧಿಕಾರಿಯ ಚೀಲದಲ್ಲಿದ್ದ ಕೈಬರಹದ ಪುಸ್ತಕ. ಅವರು ಯಾವಾಗ ಸಿಗುತ್ತಾರೆ, ಎಷ್ಟು ಕೇಳುತ್ತಾರೆ ಎಂಬುದರ ಮೇಲೆ ರೈತನ ಬೆಳೆಸಾಲ ನಿಂತಿತ್ತು. 2000ದ ಆಸುಪಾಸಿನಲ್ಲಿ ಸುಮಾರು 67 ಲಕ್ಷ ರೈತರ ಎರಡು ಕೋಟಿಯಷ್ಟು ಪಹಣಿಗಳು ಕಂಪ್ಯೂಟರಿಗೆ ಏರಿದವು, ಕೈಬರಹದ ಉತಾರಕ್ಕೆ ಮಾನ್ಯತೆ ಹೋಯಿತು. ಖಾತೆ ಬದಲಾವಣೆಯ ಅರ್ಜಿಗಳನ್ನು ಬಂದ ಸರದಿಯಲ್ಲೇ ವಿಲೇವಾರಿ ಮಾಡಬೇಕೆಂಬ ನಿಯಮವನ್ನು ಕಂಪ್ಯೂಟರೇ ಕಾಯತೊಡಗಿತು. ವಶೀಲಿ ಇದ್ದವನ ಅರ್ಜಿ ಮೇಲೆ ಬಂದು ಕೂರುವುದಕ್ಕೆ ಅಷ್ಟರಮಟ್ಟಿಗೆ ಕಡಿವಾಣ ಬಿತ್ತು. ದೇಶವೇ ಬಂದು ನೋಡಿ ಕಲಿತುಕೊಂಡು ಹೋದ ಸುಧಾರಣೆ ಅದು. ಅದರ ಹಿರಿಮೆಯನ್ನು ಕಡಿಮೆ ಮಾಡುವ ಮಾತನ್ನು ನಾನು ಆಡುವುದಿಲ್ಲ.

ಆದರೆ ಹಳೆಯ ಪುಸ್ತಕದಲ್ಲಿದ್ದ ತಪ್ಪುಗಳೂ ಪಹಣಿಯ ಜೊತೆಗೇ ಕಂಪ್ಯೂಟರಿಗೆ ಏರಿದವು. ಪಹಣಿಯ 3ನೆಯ ಕಾಲಂನಲ್ಲಿ ಜಮೀನಿನ ಒಟ್ಟು ವಿಸ್ತೀರ್ಣವಿರುತ್ತದೆ, 9ನೆಯ ಕಾಲಂನಲ್ಲಿ ಕಬ್ಜೆದಾರರ ಹೆಸರುಗಳೂ ಅವರವರ ಪಾಲಿನ ವಿಸ್ತೀರ್ಣವೂ ಇರುತ್ತವೆ. ಇವೆರಡೂ ತಾಳೆಯಾಗದ ಉತಾರಗಳು ನಮ್ಮ ಹಳ್ಳಿಗಳಲ್ಲಿ ಬೇಕಾದಷ್ಟಿವೆ. ಅಣ್ಣತಮ್ಮಂದಿರು ಪಾಲಾದಾಗ ಕೂಡಿಸಿ ಬರೆಯುವಲ್ಲಿ ಎಡವಿದ್ದು, ರಸ್ತೆಗೋ ಕಾಲುವೆಗೋ ಹೋದ ಗುಂಟೆಗಳನ್ನು ಒಂದು ಕಡೆ ಕಳೆದು ಇನ್ನೊಂದು ಕಡೆ ಹಾಗೇ ಬಿಟ್ಟಿದ್ದು, ಹೀಗೆ ಕಾರಣಗಳು ಹಲವು. ರೈತನಿಗೆ ಇದು ತಿಳಿಯುವುದು ಜಮೀನು ಮಾರಲೋ ಪಾಲು ಮಾಡಲೋ ಹೋದಾಗ. ಬರೆದವನು ಸರ್ಕಾರದ ನೌಕರ, ನಕಲು ಮಾಡಿದವನು ಸರ್ಕಾರ ನೇಮಿಸಿದವನು, ದಾಖಲೆ ಇರುವುದು ಸರ್ಕಾರದ ಅಭಿಲೇಖಾಲಯದಲ್ಲಿ. ಹಾಗಿದ್ದೂ ಹಳೆಯ ಕೈಬರಹದ ಪಹಣಿಯ ನಕಲು, ಖಾತೆ ಬದಲಾವಣೆಯ ನಕಲು, ಮೋಜಣಿಯ ಕಾಗದ ಎಲ್ಲವನ್ನೂ ಅದೇ ಸರ್ಕಾರದಿಂದ ರೊಕ್ಕ ಕೊಟ್ಟು ಪಡೆದು, ಅದೇ ಸರ್ಕಾರದ ಇನ್ನೊಂದು ಟೇಬಲ್ಲಿಗೆ ಮುಟ್ಟಿಸುವವನು ರೈತ. ಕಂದಾಯ ಅದಾಲತ್‌ಗಳಲ್ಲಿ ಇಂಥ ತಿದ್ದುಪಡಿಗಳು ಆದದ್ದಿದೆ, ಅದು ಒಳ್ಳೆಯದೇ. ಆದರೆ ಎರಡು ಕಾಲಂಗಳ ಮೊತ್ತ ತಾಳೆಯಾಗುತ್ತಿಲ್ಲ ಎಂಬುದನ್ನು ಹುಡುಕಲು ರೈತ ಅರ್ಜಿ ಹಾಕಬೇಕಾಗಿಲ್ಲ, ಕಂಪ್ಯೂಟರು ಒಂದೇ ದಿನದಲ್ಲಿ ಇಡೀ ತಾಲ್ಲೂಕಿನ ಪಟ್ಟಿ ತೆಗೆದುಕೊಡುತ್ತದೆ. ಆ ಪಟ್ಟಿ ಹಿಡಿದು ರೈತನ ಮನೆಗೆ ಹೋಗುವುದು ಇಲಾಖೆಯ ಕೆಲಸವಾಗಬೇಕು. ಸರ್ಕಾರದ ಬಳಿ ಈಗಾಗಲೇ ಇರುವ ಕಾಗದವನ್ನು ಸರ್ಕಾರ ಜನರಿಂದ ಕೇಳಬಾರದು ಎಂಬುದನ್ನು ನಾನು ಮೊದಲ ತತ್ವವಾಗಿ ಇಡುತ್ತೇನೆ.

ಇದು ಆಗದ ಮಾತಲ್ಲ. ನಾಡಕಚೇರಿಯಲ್ಲಿ ಕೊಡುವ ಜಾತಿ-ಆದಾಯ ಪ್ರಮಾಣಪತ್ರದ ಆರ್‌ಡಿ ಸಂಖ್ಯೆಯನ್ನು ವಿದ್ಯಾರ್ಥಿವೇತನದ ಪೋರ್ಟಲ್‌ನಲ್ಲಿ ಹಾಕಿದರೆ ವಿವರ ತಾನೇ ಪರಿಶೀಲನೆಯಾಗುತ್ತದೆ. ವಿದ್ಯಾರ್ಥಿ ಕಾಗದದ ಮೇಲೆ ಗೆಜೆಟೆಡ್ ಅಧಿಕಾರಿಯ ಸಹಿಗಾಗಿ ಅಲೆಯುವ ಕಾಲ ಅಷ್ಟರಮಟ್ಟಿಗೆ ಮುಗಿದಿದೆ. ‘ಮನೆ ಬಾಗಿಲಿಗೆ ಮಾಸಾಶನ’ ಎಂಬ ಕ್ರಮದಲ್ಲಿ ವಯಸ್ಸು ತುಂಬಿದ ಬಡವರನ್ನು ಸರ್ಕಾರವೇ ತನ್ನ ದತ್ತಾಂಶದಿಂದ ಗುರುತಿಸಿ, ಗ್ರಾಮ ಮಟ್ಟದ ಅಧಿಕಾರಿಯಿಂದ ಪರಿಶೀಲನೆ ಮಾಡಿಸಿ, ಮಂಜೂರಾತಿ ಆದೇಶವನ್ನು ಮನೆಗೇ ಮುಟ್ಟಿಸುವ ಪ್ರಯತ್ನವೂ ನಡೆದಿದೆ. ಅರ್ಜಿಯೇ ಇಲ್ಲದೆ ಸೇವೆ ಕೊಡಬಹುದು ಎಂದು ತೋರಿಸಿದ್ದು ಇದೇ ಕರ್ನಾಟಕದ ಕಂದಾಯ ಇಲಾಖೆ. ಕೊಡುವಾಗ ತೋರಿದ ಈ ಜಾಣ್ಮೆಯನ್ನು ನಿಂತುಹೋದಾಗಲೂ ತೋರಿಸಬೇಕು ಎಂದಷ್ಟೇ ನಾನು ಕೇಳುವುದು.

ನಿಂತುಹೋಗುವುದು ಎಂದೆ. ಇಂದಿನ ಮಾತಿನ ತಿರುಳು ಇಲ್ಲಿಯೇ ಇರುವುದರಿಂದ ಇದನ್ನು ಸ್ವಲ್ಪ ವಿವರವಾಗಿ ಹೇಳಬೇಕು. ನಮ್ಮ ಕಡೆ ಹಳ್ಳಿಗಳಲ್ಲಿ ಮಾಸಾಶನಕ್ಕೆ ‘ಪಗಾರ’ ಎನ್ನುತ್ತಾರೆ. ನಾನು ಊರಲ್ಲಿ ಅರ್ಜಿ ಬರೆದುಕೊಡಲು ಕೂರುವ ಕಟ್ಟೆಗೆ ಒಬ್ಬ ವಿಧವೆ ಬಂದರು. ‘ಪಗಾರ ನಿಂತೈತ್ರಿ, ಯಾರ್‍ನ ಕೇಳಿದ್ರೂ ಜಮಾ ಆಗೇತಿ ಅಂತಾರ್‍ರಿ’ ಎಂದರು. ಅವರ ಕೈಯಲ್ಲಿದ್ದ ಪ್ಲಾಸ್ಟಿಕ್ ಚೀಲದಲ್ಲಿ ಮಡಿಕೆ ಬಿದ್ದ ಮಂಜೂರಾತಿ ಆದೇಶ, ಆಧಾರ್‌ನ ನಾಲ್ಕಾರು ಝೆರಾಕ್ಸ್, ರೇಷನ್ ಕಾರ್ಡು, ಗಂಡನ ಮರಣ ಪ್ರಮಾಣಪತ್ರ ಮತ್ತು ಅಂಚೆ ಕಚೇರಿಯ ಪಾಸ್‌ಬುಕ್ ಇದ್ದವು. ಪಾಸ್‌ಬುಕ್ಕಿನಲ್ಲಿ ತಿಂಗಳಿಗೆ 800 ರೂಪಾಯಿಯ ಜಮಾ ಒಂದು ತಿಂಗಳಿಗೆ ಬಂದು ನಿಂತಿತ್ತು. ಕಚೇರಿಯ ಕಂಪ್ಯೂಟರಿನಲ್ಲಿ ಮಾತ್ರ ಆ ಮುಂದಿನ ಎಲ್ಲ ತಿಂಗಳ ಎದುರೂ ಪಾವತಿ ಯಶಸ್ವಿ ಎಂದೇ ಇತ್ತು.

ಎರಡೂ ನಿಜವಾಗಿದ್ದವು. ಆಧಾರ್ ಆಧಾರಿತ ಪಾವತಿಯಲ್ಲಿ ಹಣ ಹೋಗುವುದು ಫಲಾನುಭವಿ ಅರ್ಜಿಯಲ್ಲಿ ಬರೆದುಕೊಟ್ಟ ಖಾತೆಗಲ್ಲ, ಆಧಾರ್ ಸಂಖ್ಯೆಗೆ ಕೊನೆಯದಾಗಿ ಜೋಡಣೆಯಾದ ಖಾತೆಗೆ. ಆ ಹೆಣ್ಣುಮಗಳು ಸ್ವಸಹಾಯ ಸಂಘದ ಸಾಲಕ್ಕೆಂದು ಬೇರೊಂದು ಬ್ಯಾಂಕಿನಲ್ಲಿ ಹೆಬ್ಬೆಟ್ಟು ಒತ್ತಿದ್ದರು. ಅಲ್ಲಿ ಖಾತೆ ತೆರೆದಾಗ ಆಧಾರ್ ಜೋಡಣೆಯೂ ಅತ್ತ ಸರಿಯಿತು. ಅವರ ಮಟ್ಟಿಗೆ ಅದು ಸಾಲದ ಖಾತೆ, ಪಗಾರ ಅಲ್ಲಿಗೆ ಬರುತ್ತದೆಂದು ಹೇಳಿದವರಿಲ್ಲ. ಯಾವ ಖಾತೆಗೆ ಜೋಡಣೆಯಾಗಿದೆ ಎಂದು ನೋಡಲು ಒಟಿಪಿ ಬೇಕು, ಒಟಿಪಿ ಹೋಗುವ ಮೊಬೈಲು ಗೋವಾದಲ್ಲಿ ಕಟ್ಟಡದ ಕೆಲಸಕ್ಕಿದ್ದ ಮಗನ ಬಳಿ ಇತ್ತು. ಅವನು ಸಂಜೆ ಕೆಲಸ ಬಿಟ್ಟ ಮೇಲೆ ಫೋನಿಗೆ ಸಿಕ್ಕಾಗ ಸಂಗತಿ ಬಯಲಾಯಿತು, ರೊಕ್ಕವೂ ಸಿಕ್ಕಿತು. ಗಮನಿಸಬೇಕಾದದ್ದು, ಇಲ್ಲಿ ಯಾರೂ ಲಂಚ ಕೇಳಿರಲಿಲ್ಲ, ಯಾರೂ ಒರಟಾಗಿ ಮಾತಾಡಿರಲಿಲ್ಲ. ನಾಡಕಚೇರಿ, ಅಂಚೆ ಕಚೇರಿ, ಬ್ಯಾಂಕು, ಮೂರೂ ಕಡೆಯ ಸಿಬ್ಬಂದಿ ತಮ್ಮ ತಮ್ಮ ಪರದೆಯ ಮೇಲೆ ಇದ್ದದ್ದನ್ನು ಸರಿಯಾಗಿಯೇ ಓದಿ ಹೇಳಿದ್ದರು. ಮೂರು ಪರದೆಗಳನ್ನು ಒಟ್ಟಿಗೆ ನೋಡುವ ಹೊಣೆ ಮಾತ್ರ ಓದು ಬರಹ ಬಾರದ ಒಬ್ಬ ವಿಧವೆಯ ಮೇಲೆ ಬಿದ್ದಿತ್ತು.

ಭ್ರಷ್ಟಾಚಾರವೊಂದು ತೊಲಗಿದರೆ ಸೇವೆ ತಾನಾಗಿ ಸರಿಹೋಗುತ್ತದೆ ಎಂಬ ನಂಬಿಕೆ ನಮ್ಮಲ್ಲಿ ಗಟ್ಟಿಯಾಗಿದೆ. ಭ್ರಷ್ಟಾಚಾರ ದೊಡ್ಡ ರೋಗವೇ ಹೌದು, ಆದರೆ ಈ ಪ್ರಕರಣದಲ್ಲಿ ಅದರ ಸುಳಿವೂ ಇರಲಿಲ್ಲ. ಇಲ್ಲಿ ಇಲ್ಲದಿದ್ದದ್ದು, ಸೇವೆಯನ್ನು ಮೊದಲಿಂದ ಕೊನೆಯವರೆಗೆ ತನ್ನದೆಂದು ಹಿಡಿಯುವ ಒಬ್ಬ ಅಧಿಕಾರಿ. ಆದ್ದರಿಂದ ಪ್ರತಿಯೊಂದು ಯೋಜನೆಗೂ ತಾಲ್ಲೂಕಿನಲ್ಲಿ ಹೆಸರು ಹಾಕಿದ ಒಬ್ಬರು ಇರಬೇಕು ಮತ್ತು ‘ಬ್ಯಾಂಕಿಗೆ ಹೋಗ್ರಿ’ ಎಂದು ಕಳಿಸುವ ಅಧಿಕಾರ ಅವರಿಗೆ ಇರಬಾರದು. ಬ್ಯಾಂಕಿನೊಡನೆ ಮಾತಾಡುವುದು, ಜೋಡಣೆ ಎಲ್ಲಿದೆ ಎಂದು ನೋಡುವುದು, ಉತ್ತರವನ್ನು ಜನರಿಗೆ ತಿಳಿಸುವುದು ಅವರ ಕೆಲಸವಾಗಬೇಕು.

ಇದಕ್ಕೆ ಹೊಂದಿಕೊಂಡ ಇನ್ನೊಂದು ನಿಯಮವೂ ಬೇಕು. ಕೊಡುತ್ತಿರುವ ಸೇವೆಯನ್ನು ನಿಲ್ಲಿಸುವ ಮುನ್ನ ಲಿಖಿತ ತಿಳಿವಳಿಕೆ, ಕಾರಣ, ಉತ್ತರಿಸಲು ಸಮಯ, ಈ ಮೂರೂ ಇರಲೇಬೇಕು. 2024ರ ನವೆಂಬರ್‌ನಲ್ಲಿ ರಾಜ್ಯದಲ್ಲಿ ಬಿಪಿಎಲ್ ಪಡಿತರ ಚೀಟಿಗಳ ರದ್ದತಿ ದೊಡ್ಡ ಗದ್ದಲವಾಯಿತು. ಅನರ್ಹರನ್ನು ಕೈಬಿಡುವ ಉದ್ದೇಶದಲ್ಲಿ ತಪ್ಪಿಲ್ಲ. ಆದರೆ ಅರ್ಹರ ಹೆಸರೂ ಹೋಯಿತೆಂಬ ದೂರುಗಳು ಬಂದಾಗ ಸರ್ಕಾರವೇ ಹಿಂದೆ ಸರಿದು, ಸರ್ಕಾರಿ ನೌಕರರು ಮತ್ತು ಆದಾಯ ತೆರಿಗೆ ಕಟ್ಟುವವರನ್ನು ಬಿಟ್ಟು ಉಳಿದವರ ಚೀಟಿಗಳನ್ನು ಮರಳಿಸುವುದಾಗಿ ಹೇಳಬೇಕಾಯಿತು. ಮೊದಲು ಕೇಳಿ ಆಮೇಲೆ ತೆಗೆದಿದ್ದರೆ ಆ ತಿಂಗಳು ಅಷ್ಟು ಮನೆಗಳಲ್ಲಿ ಆ ಆತಂಕ ಇರುತ್ತಿರಲಿಲ್ಲ. ಈಗ ಕುಟುಂಬ ದತ್ತಾಂಶವನ್ನು ಒಂದೇ ಗುರುತಿನ ಸಂಖ್ಯೆಗೆ ಕಟ್ಟುತ್ತಿರುವುದರಿಂದ ಅಪಾಯ ಇನ್ನೂ ದೊಡ್ಡದಾಗಿದೆ. ಹಿಂದೆ ಒಂದು ಕಚೇರಿಯ ತಪ್ಪು ಒಂದು ಕಚೇರಿಯಲ್ಲೇ ಉಳಿಯುತ್ತಿತ್ತು. ಈಗ ಒಂದು ಕಡೆ ‘ತೆರಿಗೆದಾರ’ ಎಂದು ತಪ್ಪಾಗಿ ನಮೂದಾದರೆ ಅಕ್ಕಿಯೂ ಗೃಹಲಕ್ಷ್ಮಿಯೂ ಒಟ್ಟಿಗೆ ನಿಲ್ಲಬಹುದು. ದತ್ತಾಂಶವನ್ನು ಜೋಡಿಸುವ ವೇಗದಲ್ಲೇ ಅದನ್ನು ತಿದ್ದುವ ದಾರಿಯನ್ನೂ ತೆರೆಯದಿದ್ದರೆ ಬಡವರು ಒಂದೇ ಏಟಿಗೆ ಎಲ್ಲವನ್ನೂ ಕಳೆದುಕೊಳ್ಳುತ್ತಾರೆ. ತಪ್ಪಾಗಿ ನಿಂತದ್ದು ಮತ್ತೆ ಆರಂಭವಾದಾಗ ನಡುವಿನ ತಿಂಗಳುಗಳ ಬಾಕಿಯನ್ನೂ ಕೊಡಬೇಕು. ಅದನ್ನು ದಯೆಯಿಂದ ಕೊಟ್ಟದ್ದೆಂದು ಯಾರೂ ಎಣಿಸಬಾರದು, ಅದು ಅವರದೇ ರೊಕ್ಕ.

ಇಲ್ಲಿ ಸಕಾಲದ ಮಾತು ಬಂದೇ ಬರುತ್ತದೆ. ನಾಗರಿಕರಿಗೆ ಸೇವೆಗಳ ಖಾತರಿ ಅಧಿನಿಯಮ 2011ರಲ್ಲಿ ಆಯಿತು, 2012ರ ಏಪ್ರಿಲ್‌ನಿಂದ ಇಡೀ ರಾಜ್ಯದಲ್ಲಿ ಸಕಾಲ ಎಂಬ ಹೆಸರಿನಲ್ಲಿ ನಡೆಯುತ್ತಿದೆ. ಅರ್ಜಿ ಕೊಟ್ಟ ಕೂಡಲೇ ಹದಿನೈದು ಅಂಕಿಯ ಸಂಖ್ಯೆ ಇರುವ ಸ್ವೀಕೃತಿ ಸಿಗುತ್ತದೆ. ಗಡುವು ಮೀರಿದರೆ ದಿನಕ್ಕೆ 20 ರೂಪಾಯಿಯಂತೆ 500 ರೂಪಾಯಿವರೆಗೆ ಪರಿಹಾರ ಕೇಳಬಹುದು, ಅದು ತಡ ಮಾಡಿದ ಅಧಿಕಾರಿಯ ಸಂಬಳದಿಂದ ಹೋಗಬೇಕು. ತಡವಾದರೆ ಅದರ ಬೆಲೆಯನ್ನು ಕಚೇರಿ ತೆರಬೇಕು, ಅರ್ಜಿದಾರ ಅಲ್ಲ ಎಂದು ಬರೆದ ಕಾನೂನು ಇದು. ನಾನು ಹೇಳುತ್ತಿರುವ ತತ್ವಕ್ಕೆ ಇಷ್ಟು ಹತ್ತಿರದ ಕಾನೂನು ನಮ್ಮಲ್ಲಿ ಇನ್ನೊಂದಿಲ್ಲ. ಆದರೂ ಅದರಲ್ಲಿ ಎರಡು ಕಂಡಿಗಳಿವೆ. ಮೊದಲನೆಯದು, ತಿರಸ್ಕರಿಸಿದ ಅರ್ಜಿಯೂ ಗಡುವಿನೊಳಗೆ ವಿಲೇವಾರಿಯಾದ ಅರ್ಜಿಯೇ. ‘ದಾಖಲೆ ಸರಿಯಿಲ್ಲ’ ಎಂಬ ಎರಡು ಪದ ಬರೆದು ವಾಪಸ್ ಕಳಿಸಿದರೂ ಪಟ್ಟಿಯಲ್ಲಿ ಆ ಕಚೇರಿ ಮುಂದೆಯೇ ಇರುತ್ತದೆ. ಯಾವ ದಾಖಲೆ, ಏನು ಸರಿಯಿಲ್ಲ, ಏನು ತಂದರೆ ಆಗುತ್ತದೆ ಎಂದು ಬರೆಯದ ತಿರಸ್ಕಾರವನ್ನು ವಿಲೇವಾರಿ ಎಂದು ಎಣಿಸಲೇಬಾರದು. ಎರಡನೆಯದು ಇದಕ್ಕಿಂತ ಮುಖ್ಯ. ಸಕಾಲದ ಗಡಿಯಾರ ಓಡತೊಡಗುವುದು ಅರ್ಜಿ ಸ್ವೀಕೃತವಾದಾಗ. ನಿಂತುಹೋದ ಪಗಾರಕ್ಕೆ ಹೊಸ ಅರ್ಜಿ ಇಲ್ಲ, ಹಾಗಾಗಿ ಗಡುವೂ ಇಲ್ಲ, ಪರಿಹಾರವೂ ಇಲ್ಲ. ‘ನನ್ನದು ನಿಂತಿದೆ’ ಎಂದು ಹೇಳಿದ ದಿನದಿಂದಲೇ ಸಕಾಲದ ಸಂಖ್ಯೆ ಕೊಟ್ಟು ದಿನ ಎಣಿಸುವಂತಾದರೆ, ಈ ಒಂದು ತಿದ್ದುಪಡಿಯಿಂದಲೇ ನಮ್ಮ ಜಿಲ್ಲೆಯ ಸಾವಿರಾರು ಮುದುಕರ ಓಡಾಟ ತಪ್ಪುತ್ತದೆಂದು ನನಗೆ ನಂಬಿಕೆಯಿದೆ.

ಕಾಗದದ ಸೇವೆಗಳಿಂದ ಈಗ ನೀರಿಗೆ ಬರೋಣ. ಭಾರ ಯಾರ ಮೇಲೆ ಬೀಳುತ್ತದೆ ಎಂಬುದು ಅಲ್ಲಿ ಕಣ್ಣಿಗೇ ಕಾಣುತ್ತದೆ.

ಹುಬ್ಬಳ್ಳಿ-ಧಾರವಾಡಕ್ಕೆ ಸವದತ್ತಿಯ ರೇಣುಕಾ ಸಾಗರದಿಂದ ಮಲಪ್ರಭೆಯ ನೀರು ಬರುತ್ತದೆ. ವಿಶ್ವಬ್ಯಾಂಕಿನ ನೆರವಿನ ಯೋಜನೆಯಲ್ಲಿ ಇಲ್ಲಿಯ ಕೆಲವು ವಾರ್ಡುಗಳಿಗೆ 2008ರ ಸುಮಾರಿಗೆ ದಿನದ 24 ತಾಸೂ ನೀರು ಬರುವ ಪ್ರಾತ್ಯಕ್ಷಿಕೆ ವಲಯಗಳಾದವು. ಆ ವಲಯಗಳ ಆಚೆ ಮಾತ್ರ ನೀರು ಕೆಲವು ದಿನಕ್ಕೊಮ್ಮೆ, ಬೇಸಿಗೆಯಲ್ಲಿ ಇನ್ನೂ ತಡವಾಗಿ ಬರುತ್ತಿತ್ತು. ಒಂದೇ ಊರಿನಲ್ಲಿ ಎರಡು ಬಗೆಯ ಪೂರೈಕೆ ಅಕ್ಕಪಕ್ಕದಲ್ಲಿದ್ದುದರಿಂದ ಕ್ಯಾಲಿಫೋರ್ನಿಯಾದ ಬರ್ಕ್ಲಿ ವಿಶ್ವವಿದ್ಯಾಲಯದ ಸಂಶೋಧಕರು ಇಲ್ಲಿಗೆ ಬಂದು ನಲ್ಲಿಯ ನೀರನ್ನು ಪರೀಕ್ಷಿಸಿದರು. ಬಿಟ್ಟು ಬಿಟ್ಟು ನೀರು ಬರುವ ಕಡೆಯ ನಲ್ಲಿಗಳ ಮಾದರಿಗಳಲ್ಲಿ ಸುಮಾರು ಮೂರರಲ್ಲೊಂದರಲ್ಲಿ ಮಲದಿಂದ ಬರುವ ಇ ಕೊಲೈ ಬ್ಯಾಕ್ಟೀರಿಯಾ ಸಿಕ್ಕಿತು. 24 ತಾಸು ನೀರಿರುವ ಕಡೆ ಅದು ನೂರು ಮಾದರಿಗೆ ಒಂದೂ ಇರಲಿಲ್ಲ. ಕಾರಣ ಸರಳ. ನೀರು ನಿಂತಾಗ ಪೈಪಿನೊಳಗೆ ಒತ್ತಡವಿರುವುದಿಲ್ಲ, ಬಿರುಕುಗಳಿಂದ ಗಟಾರದ ಹೊಲಸು ಒಳಗೆ ಇಳಿಯುತ್ತದೆ, ಮತ್ತೆ ನೀರು ಬಿಟ್ಟಾಗ ಅದು ಮನೆಗೆ ಬರುತ್ತದೆ. ಊರಿನ ಪೈಪು ಹಳೆಯದಾದ ತಪ್ಪನ್ನು ಹೀಗೆ ಮಗುವಿನ ಹೊಟ್ಟೆ ಅನುಭವಿಸುತ್ತದೆ.

ಇದಲ್ಲದೆ ಕಾಯುವ ಭಾರವೊಂದಿದೆ. ಸಂದಿಯ ಬಾಯಲ್ಲಿ ವಾಲ್ವ್‌ಮನ್ ಉದ್ದನೆಯ ಕಬ್ಬಿಣದ ಚಾವಿಯನ್ನು ನೆಲದ ಗುಂಡಿಗೆ ಇಳಿಸಿ ತಿರುಗಿಸಿದಾಗ ಮಾತ್ರ ಆ ಸಾಲಿಗೆ ನೀರು. ಅವರು ರಾತ್ರಿ ಬರುತ್ತಾರೋ ನಸುಕಿನಲ್ಲೋ ಮಧ್ಯಾಹ್ನವೋ ಎಂದು ತಿಳಿಯದೆ, ಕೂಲಿಗೆ ಹೋಗಬೇಕಾದ ಹೆಂಗಸು ಆ ದಿನ ಮನೆಯಲ್ಲೇ ಉಳಿಯುತ್ತಾಳೆ, ಇಲ್ಲವೇ ದೊಡ್ಡ ಮಗಳನ್ನು ಸಾಲಿ ಬಿಡಿಸಿ ಕೂರಿಸುತ್ತಾಳೆ. ಇದೇ ಹುಬ್ಬಳ್ಳಿಯಲ್ಲಿ ನೆಕ್ಸ್ಟ್‌ಡ್ರಾಪ್ ಎಂಬ ಸಂಸ್ಥೆ ವಾಲ್ವ್‌ಮನ್‌ಗಳಿಂದಲೇ ಮಾಹಿತಿ ಪಡೆದು, ನೀರು ಬರುವ ಸಮಯವನ್ನು ಮನೆಗಳ ಮೊಬೈಲಿಗೆ ಮುಂಚಿತವಾಗಿ ಸಂದೇಶ ಕಳಿಸುವ ಪ್ರಯತ್ನ ಮಾಡಿತ್ತು. ಒಂದು ಹನಿಯೂ ಹೆಚ್ಚು ನೀರು ಬರದಿದ್ದರೂ ಅದು ಸುಧಾರಣೆಯೇ, ಏಕೆಂದರೆ ಕಾಯುವ ಭಾರ ಅಷ್ಟು ಇಳಿಯುತ್ತದೆ. ಪೈಪು ಬದಲಿಸಲು ಕೋಟಿಗಟ್ಟಲೆ ಹಣ, ವರ್ಷಗಟ್ಟಲೆ ಸಮಯ ಬೇಕು. ಯಾವ ದಿನ, ಎಷ್ಟು ಗಂಟೆಗೆ ಎಂದು ಹೇಳಿ ಆ ಮಾತಿಗೆ ನಿಲ್ಲಲು ಬೇಕಾದದ್ದು ಶಿಸ್ತು.

ಮುಂಚಿತವಾಗಿ, ನಿಜವಾಗಿ ಹೇಳುವುದೂ ಸೇವೆಯ ಭಾಗವೆಂದು ತಿಳಿಯದಿದ್ದರೆ ಎಂಥ ಬೆಲೆ ತೆರಬೇಕಾಗುತ್ತದೆ ಎಂಬುದನ್ನು ನಮ್ಮ ಪಕ್ಕದ ಜಿಲ್ಲೆ ಕಂಡಿದೆ. 2008ರ ಜೂನ್ 10ರಂದು ಹಾವೇರಿಯಲ್ಲಿ ರಸಗೊಬ್ಬರಕ್ಕಾಗಿ ಬೀದಿಗಿಳಿದಿದ್ದ ರೈತರ ಮೇಲೆ ಗೋಲಿಬಾರ್ ನಡೆಯಿತು, ಇಬ್ಬರು ರೈತರು ಜೀವ ಕಳೆದುಕೊಂಡರು. ಮುಂಗಾರು ಹದವಾಗಿ, ಬಿತ್ತನೆಯ ದಿನಗಳು ಬೆರಳೆಣಿಕೆಯಷ್ಟು ಉಳಿದಾಗ, ಗೊಬ್ಬರ ಬರುತ್ತದೋ ಇಲ್ಲವೋ ಎಂದು ತಿಳಿಯದ ರೈತನ ಸಂಕಟವನ್ನು ಆಡಳಿತ ತನ್ನ ಸಂಕಟವೆಂದು ಎಣಿಸಬೇಕಿತ್ತು. ಪ್ರತಿ ಸೊಸೈಟಿಯ ಮುಂದೆ ಎಷ್ಟು ಚೀಲ ಇದೆ, ಮುಂದಿನ ಲೋಡು ಯಾವಾಗ, ಯಾರಿಗೆ ಎಷ್ಟು ಎಂದು ಬರೆದ ಫಲಕ ಇಡುವುದು ಅಂದಿಗೂ ಸಾಧ್ಯವಿತ್ತು. ಇಂದಂತೂ ಅದನ್ನು ಮಾಡದಿರಲು ಯಾವ ನೆಪವೂ ಇಲ್ಲ.

ಇನ್ನು ಸೇವೆಯನ್ನು ಕೈಯಾರೆ ಮುಟ್ಟಿಸುವವರ ವಿಚಾರ. ಸರ್ಕಾರ ತನ್ನ ಭಾರವನ್ನು ಜನರ ಮೇಲೆ ಇಳಿಸುವಂತೆಯೇ ಕೆಳಹಂತದ ಸಿಬ್ಬಂದಿಯ ಮೇಲೂ ಇಳಿಸುತ್ತದೆ. 2024ರಲ್ಲಿ ರಾಜ್ಯದ ಗ್ರಾಮ ಆಡಳಿತ ಅಧಿಕಾರಿಗಳು ಮುಷ್ಕರ ಹೂಡಿದಾಗ, ಹತ್ತಾರು ಆ್ಯಪ್‌ಗಳಲ್ಲಿ ಕೆಲಸ ಮಾಡಬೇಕಾದ ಒತ್ತಡ ಅವರ ಮುಖ್ಯ ಅಹವಾಲುಗಳಲ್ಲೊಂದಾಗಿತ್ತು. ಒಂದು ಆ್ಯಪ್‌ನಲ್ಲಿ ಬೆಳೆ, ಇನ್ನೊಂದರಲ್ಲಿ ಸರ್ಕಾರಿ ಜಮೀನು, ಮತ್ತೊಂದರಲ್ಲಿ ಆಧಾರ್ ಜೋಡಣೆ, ಇವುಗಳ ನಡುವೆ ಊರಿನವರ ಅರ್ಜಿಗಳ ಸ್ಥಳ ಪರಿಶೀಲನೆ. ಒಬ್ಬರಿಗೆ ಎರಡು ಮೂರು ಗ್ರಾಮ ವೃತ್ತಗಳ ಹೆಚ್ಚುವರಿ ಹೊಣೆ ಕೊಟ್ಟು, ಆಮೇಲೆ ‘ತಲಾಠಿ ಸಿಗುವುದಿಲ್ಲ’ ಎಂದು ದೂರುವುದು ನ್ಯಾಯವಲ್ಲ. ಆಶಾ ಕಾರ್ಯಕರ್ತೆಯರು, ಅಂಗನವಾಡಿ ಕಾರ್ಯಕರ್ತೆಯರು ಪಡೆಯುವುದು ಸಂಬಳವಲ್ಲ, ಗೌರವಧನ. ಸುಮಾರು ಸಾವಿರ ಜನಸಂಖ್ಯೆಗೆ ಒಬ್ಬರಂತೆ ಇರುವ ಆಶಾ ಕಾರ್ಯಕರ್ತೆಯೇ ಬಸುರಿಯರ ನೋಂದಣಿಯಿಂದ ಹಿಡಿದು ಸಮೀಕ್ಷೆಗಳವರೆಗೆ ಎಲ್ಲಕ್ಕೂ ಬೇಕು. ಹೊಸ ಯೋಜನೆಯೊಂದನ್ನು ಘೋಷಿಸುವ ಮುನ್ನ ಅದನ್ನು ಹಳ್ಳಿಯಲ್ಲಿ ಯಾರು ಮಾಡುತ್ತಾರೆ, ಅವರ ಈಗಿನ ಯಾವ ಕೆಲಸವನ್ನು ಕೈಬಿಡುತ್ತಾರೆ ಎಂಬುದನ್ನು ಆದೇಶದಲ್ಲೇ ಬರೆಯಬೇಕು.

ಎಲ್ಲರಿಗೂ ಒಂದೇ ಬಗೆಯ ಸೇವೆ ಎಂಬುದೂ ಸಮಾನತೆಯಲ್ಲ. 2002ರಲ್ಲಿ ವರದಿ ಕೊಟ್ಟ ಡಾ. ಡಿ. ಎಂ. ನಂಜುಂಡಪ್ಪ ಸಮಿತಿ ರಾಜ್ಯದ 175 ತಾಲ್ಲೂಕುಗಳಲ್ಲಿ 114 ಹಿಂದುಳಿದಿವೆ ಎಂದು ಗುರುತಿಸಿ, ಅವುಗಳಲ್ಲೂ ಹಿಂದುಳಿದ, ಅತಿ ಹಿಂದುಳಿದ, ಅತ್ಯಂತ ಹಿಂದುಳಿದ ಎಂದು ಮೂರು ಹಂತ ಮಾಡಿತ್ತು. ಎಲ್ಲಿ ಕೊರತೆ ಹೆಚ್ಚೋ ಅಲ್ಲಿಗೆ ಹೆಚ್ಚು ಎಂಬ ಆ ಲೆಕ್ಕಾಚಾರ ಅನುದಾನಕ್ಕೆ ಮಾತ್ರವಲ್ಲ, ಸೇವೆ ಕೊಡುವ ರೀತಿಗೂ ಬೇಕು. ಕಪ್ಪತಗುಡ್ಡದ ಸುತ್ತಲಿನ ತಾಂಡಾಗಳಿಂದ ಸುಗ್ಗಿ ಮುಗಿದ ಮೇಲೆ ಕುಟುಂಬಕ್ಕೆ ಕುಟುಂಬವೇ ಗೋವಾ, ಮಂಗಳೂರುಗಳಿಗೆ ದುಡಿಯಲು ಹೋಗುತ್ತದೆ. ಪರಿಶೀಲನೆಗೆ ಅಧಿಕಾರಿ ಬಂದ ದಿನ ಮನೆಗೆ ಬೀಗ, ‘ಫಲಾನುಭವಿ ಸ್ಥಳದಲ್ಲಿಲ್ಲ’ ಎಂದು ಷರಾ. ದುಡಿಯಲು ಹೋದದ್ದೇ ಹಕ್ಕು ಕಳೆದುಕೊಳ್ಳಲು ಕಾರಣವಾಗಬಾರದು. ಅವರು ಊರಿಗೆ ಬರುವ ಹಬ್ಬ-ಜಾತ್ರೆಯ ದಿನಗಳು ಎಲ್ಲರಿಗೂ ಗೊತ್ತಿರುವುದೇ, ಪರಿಶೀಲನೆಯನ್ನು ಆ ದಿನಗಳಿಗೆ ಇಟ್ಟುಕೊಂಡರೆ ಸಾಕು.

ಇದನ್ನೆಲ್ಲ ಕೇಳುವ ಜಾಗ ಯಾವುದು? ಜನತಾ ದರ್ಶನಗಳು ನಡೆಯುತ್ತವೆ, 1902 ಸಹಾಯವಾಣಿ ಇದೆ. ಅವುಗಳಿಂದ ಒಬ್ಬೊಬ್ಬರ ಕೆಲಸ ಆಗುತ್ತದೆ. ಆದರೆ ನೂರು ಜನರ ಒಂದೇ ತೊಂದರೆಯನ್ನು ನೂರು ಅರ್ಜಿಗಳಾಗಿ ನೋಡಿದಾಗ ಅದರ ಬೇರು ಕಾಣುವುದಿಲ್ಲ. ಇಲ್ಲಿಂದ ಹತ್ತಿರದ ಕಣಗಿನಹಾಳದಲ್ಲಿ 1905ರಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು ಕಟ್ಟಿದ, ಏಷ್ಯಾದಲ್ಲೇ ಮೊದಲನೆಯದೆಂದು ಹೆಸರಾದ ಕೃಷಿ ಸಹಕಾರ ಸಂಘದಿಂದ ಮೊದಲ್ಗೊಂಡು, ಲೆಕ್ಕವನ್ನು ಸದಸ್ಯರ ಮುಂದೆ ಇಡುವ ರೂಢಿ ನಮ್ಮ ಸೀಮೆಗೆ ಹೊಸದಲ್ಲ. ಗ್ರಾಮ ಸಭೆಯನ್ನು ಆರು ತಿಂಗಳಿಗೊಮ್ಮೆಯಾದರೂ ಕರೆಯಬೇಕೆಂದು ಪಂಚಾಯತ್ ರಾಜ್ ಕಾನೂನೇ ಹೇಳುತ್ತದೆ. ಆ ಸಭೆಯಲ್ಲಿ ಈಗ ಮನೆ ಹಂಚಿಕೆಯ ಪಟ್ಟಿ, ಕಾಮಗಾರಿಯ ಪಟ್ಟಿ ಓದುತ್ತಾರೆ. ಅದರ ಜೊತೆಗೆ ಇನ್ನೊಂದು ಪಟ್ಟಿಯನ್ನೂ ಓದಬೇಕೆಂದು ಇಲ್ಲಿ ಕೂತಿರುವ ಪಂಚಾಯತಿ ಸದಸ್ಯರನ್ನು ನಾನು ಕೇಳಿಕೊಳ್ಳುತ್ತೇನೆ. ಈ ಆರು ತಿಂಗಳಲ್ಲಿ ನಮ್ಮ ಊರಿನಲ್ಲಿ ಎಷ್ಟು ಜನರ ಮಾಸಾಶನ ನಿಂತಿತು, ಎಷ್ಟು ಪಡಿತರ ಚೀಟಿ ರದ್ದಾಯಿತು, ಎಷ್ಟು ಅರ್ಜಿ ತಿರಸ್ಕೃತವಾಯಿತು, ಪ್ರತಿಯೊಂದಕ್ಕೂ ಬರೆದ ಕಾರಣ ಏನು ಎಂಬ ಪಟ್ಟಿ ಅದು. ಯಾರದೇ ಆಧಾರ್ ಸಂಖ್ಯೆ, ಖಾತೆ ಸಂಖ್ಯೆ, ರೋಗದ ವಿವರ ಸಭೆಯಲ್ಲಿ ಬರಬಾರದು, ಅದು ಅವರವರ ಗುಟ್ಟು. ಸಂಖ್ಯೆ ಮತ್ತು ಕಾರಣ ಬಂದರೆ ಸಾಕು. ಒಂದೇ ಕಾರಣ ಇಪ್ಪತ್ತು ಸಲ ಬಂದಾಗ ತಪ್ಪು ಇಪ್ಪತ್ತು ಜನರದ್ದಲ್ಲ ಎಂಬುದು ಸಭೆಗೆ ತಾನೇ ತಿಳಿಯುತ್ತದೆ.

ಉಪನ್ಯಾಸದ ಬಳಿಕ ಒಬ್ಬರು ಇದಕ್ಕೆಲ್ಲ ಹಣ ಎಲ್ಲಿಂದ ಬರಬೇಕು ಎಂದು ಕೇಳಿದರು. ನ್ಯಾಯವಾದ ಪ್ರಶ್ನೆ, ಉತ್ತರವನ್ನೂ ಇಲ್ಲಿ ಸೇರಿಸುತ್ತೇನೆ. ನಾನು ಹೇಳಿದ್ದರಲ್ಲಿ ಹೆಚ್ಚಿನವಕ್ಕೆ ಹೊಸ ಹಣ ಬೇಕಾಗಿಲ್ಲ. ತಾಳೆಯಾಗದ ಪಹಣಿಗಳ ಪಟ್ಟಿ ತೆಗೆಯುವುದು, ತಿರಸ್ಕಾರಕ್ಕೆ ಪೂರ್ತಿ ಕಾರಣ ಬರೆಯುವುದು, ನಿಲ್ಲಿಸುವ ಮುನ್ನ ತಿಳಿಸುವುದು, ನೀರಿನ ವೇಳೆ ಹೇಳುವುದು, ಇವಕ್ಕೆ ಬೇಕಿರುವುದು ಆದೇಶ ಮತ್ತು ಅದರ ಮೇಲೆ ಕಣ್ಣು. ಹಣ ಬೇಕಾಗುವುದು ಎರಡಕ್ಕೆ. ಪೈಪುಗಳಿಗೆ ಬೇಕು, ಅದು ಹಂತ ಹಂತವಾಗಿ ಆಗುತ್ತಿದೆ. ಖಾಲಿ ಹುದ್ದೆಗಳನ್ನು ತುಂಬಲು ಬೇಕು, ಅದನ್ನು ಮುಂದೂಡುವುದು ಉಳಿತಾಯ ಎಂದು ನಾನು ಒಪ್ಪುವುದಿಲ್ಲ. ತುಂಬದ ಹುದ್ದೆಯ ಸಂಬಳ ಖಜಾನೆಯಲ್ಲಿ ಉಳಿದಂತೆ ಕಂಡರೂ, ಅದೇ ಹಣವನ್ನು ಮುಂಡರಗಿಯಿಂದಲೋ ಶಿರಹಟ್ಟಿಯಿಂದಲೋ ಒಂದು ಸಹಿಗಾಗಿ ಬಂದು ಹೋಗುವ ಜನ ಬಸ್ ಚಾರ್ಜು ಮತ್ತು ಕಳೆದುಕೊಂಡ ಕೂಲಿಯ ರೂಪದಲ್ಲಿ ಕೊಡುತ್ತಲೇ ಇದ್ದಾರೆ. ಮುಂದಿನ ಬಜೆಟ್ ಪೂರ್ವ ಸಭೆಗಳಲ್ಲಿ ನಮ್ಮ ಶಾಸಕರ ಮುಂದೆ ಇಡಬೇಕಾದ ಮೊದಲ ಬೇಡಿಕೆ ಹೊಸ ಕಟ್ಟಡವಲ್ಲ, ಈ ಜಿಲ್ಲೆಯ ನಾಡಕಚೇರಿಗಳಲ್ಲಿ, ಪ್ರಾಥಮಿಕ ಆರೋಗ್ಯ ಕೇಂದ್ರಗಳಲ್ಲಿ ಮತ್ತು ಭೂಮಾಪನ ಶಾಖೆಗಳಲ್ಲಿ ಖಾಲಿ ಇರುವ ಕುರ್ಚಿಗಳಿಗೆ ಜನರನ್ನು ಕೊಡಿ ಎಂಬುದೇ ಆಗಬೇಕು.